ಲೆನ್ಸು ಅವನಿಗೆ, ಬಾಡಿ ನನಗೆ

ಉಸ್ತಾದ್ ನಮ್ಮಿಬ್ಬರ ಕಣ್ಣೆದುರಿಗೇ ಕ್ಯಾಮೆರಾವನ್ನು ಎರಡು ಮಾಡಿದರು. ಲೆನ್ಸನ್ನು ತಿರುಗಿಸಿ ಬಿಚ್ಚಿ, ಬಿಳಿ ಕರವಸ್ತ್ರದಲ್ಲಿ ಸುತ್ತಿ, ಹೊಳಲ್ಕೆರೆಯವನ ಕೈಯಲ್ಲಿಟ್ಟರು. ಉಳಿದ ಬಾಡಿಯನ್ನು ಚಾಪೆಯ ಮೇಲೆ ನನ್ನ ಕಡೆ ಸರಿಸಿದರು. ನನ್ನದಕ್ಕೆ ಕರವಸ್ತ್ರ ಇರಲಿಲ್ಲ. ಅದನ್ನು ನಾನು ಆ ಕ್ಷಣವೇ ಗಮನಿಸಿದೆ.

"ಲೆನ್ಸು ನಿಂದು. ಬಾಡಿ ಇವಂದು," ಅಂದರು. "ಮುಗಿಸ್ಕಂಡು ತಂದು ಕೊಡ್ರಿ. ಜೋಡ್ಸಾದು ನಾನು."

"ಎರಡೂ ಒಬ್ರೇ ಮಾಡಿದ್ರೆ ಚೆನ್ನಾಗಿರ್ತಿತ್ತು, ಉಸ್ತಾದ್," ಅಂದೆ.

"ಯಾರು, ನೀನಾ?" ಅಂತ ಕೇಳಿ ನಕ್ಕರು. ಹೊಳಲ್ಕೆರೆಯವನೂ ನಕ್ಕ. ನನಗೆ ನಗು ಬರಲಿಲ್ಲ.

ಇದು ನಡೆದದ್ದು ಚಿತ್ರದುರ್ಗದ ಅವರ ಮನೆಯ ಪಡಸಾಲೆಯಲ್ಲಿ. ಉಸ್ತಾದ್ ಮತ್ತೋಡು ಕಡೆಯ ಕುರಿ ಸಾಕುವ ಮನೆತನದವರು. ಸಣ್ಣ ವಯಸ್ಸಿಗೇ ದುರ್ಗಕ್ಕೆ ಬಂದು ಕ್ಯಾಮೆರಾ ರಿಪೇರಿಗೆ ಕೂತರು, ಪೇಟೆಯವರ ಬಾಯಲ್ಲಿ ಉಸ್ತಾದ್ ಆದರು. ನಾನು ಏಳನೇ ಕ್ಲಾಸು ಬಿಟ್ಟು ಅವರ ಅಂಗಡಿ ಸೇರಿದವನು. ನನ್ನ ಕೈ ಒಂದಿಷ್ಟು ಪಳಗಿದ ಮೇಲೆ ಹೊಳಲ್ಕೆರೆಯವನು ಬಂದ. ನಾನು ತಪ್ಪು ಮಾಡಿದರೆ ತಲೆಗೆ ಮೊಟಕುತ್ತಿದ್ದ ಉಸ್ತಾದ್ ಅವನಿಗೆ "ಇರ್ಲಿ ಬಿಡು, ಇನ್ನೊಂದ್ಸಲ ನೋಡು" ಅನ್ನುತ್ತಿದ್ದರು. ನಾನು ಹಿರಿಯೂರಿಗೆ ಹೋಗಿ ಸ್ವಂತ ಅಂಗಡಿ ಹಾಕಿದೆ. ಅವನು ಉಸ್ತಾದರ ಬಳಿಯೇ ಬಹಳ ಕಾಲ ಇದ್ದು, ಅವರು ಅಂಗಡಿ ಮುಚ್ಚಿದಾಗ ಫಿಲ್ಮಿನ ಜಾಗದಲ್ಲಿಟ್ಟು ಬಿಂಬ ನೋಡುವ ಅವರ ಫೋಕಸ್ ಗಾಜು, ಭೂತಗನ್ನಡಿ ಎಲ್ಲವನ್ನೂ ಪಡೆದುಕೊಂಡು ಹೊಳಲ್ಕೆರೆಗೆ ಹೋದ. ಆ ಗಾಜು ನನಗೆ ಬರಬೇಕಾಗಿತ್ತು. ಅವನಿಗಿಂತ ಮೊದಲು ಬಂದವನು ನಾನು.

ಫಿಲ್ಮ್ ಕ್ಯಾಮೆರಾ ಮುಗಿದೇಹೋಯಿತು ಅಂತ ಇಬ್ಬರೂ ಗಡಿಯಾರ, ಮಿಕ್ಸಿ ಬಿಚ್ಚಿಕೊಂಡು ಬದುಕಿದ್ದೆವು. ಈಗ ಹೊಸಬರಿಗೆ ಮತ್ತೆ ಫಿಲ್ಮಿನ ಹುಚ್ಚು ಹತ್ತಿದೆ. ದೂರದೂರಿನಿಂದ ಕೊರಿಯರ್‌ನಲ್ಲಿ ಹಳೇ ಕ್ಯಾಮೆರಾಗಳು ಬರುತ್ತವೆ. ನನಗೂ ಬರುತ್ತವೆ, ಅವನಿಗೆ ಹೆಚ್ಚು ಬರುತ್ತವೆ. ಅವನು ಬಿಳಿ ಕೈಗವಸು ಹಾಕಿಕೊಂಡು ರಿಪೇರಿಯ ವಿಡಿಯೋ ಮಾಡಿ ಬಿಡುತ್ತಾನೆ. ಒಮ್ಮೆ ನನ್ನ ಅಂಗಡಿಯಲ್ಲೇ ನಿಂತು ಒಬ್ಬ ಗಿರಾಕಿ, "ಹೊಳಲ್ಕೆರೆಯವ್ರು ಈ ಸ್ಕ್ರೂ ಕೊನೇಗೆ ಬಿಚ್ತಾರಲ್ರಿ?" ಅಂದ. ಆ ಸಿಟ್ಟಿಗೆ ಆ ಗಿರಾಕಿಯ ಕ್ಯಾಮೆರಾವನ್ನು ಹೊಸದರಂತೆ ಮಾಡಿಕೊಟ್ಟೆ. ನಾನೂ ಹೊಳಲ್ಕೆರೆಯವನೂ ಜಗಳವಾಡಿದವರಲ್ಲ. ಫೋನ್ ಮಾಡುವುದು ನಿಂತುಹೋಯಿತು, ಅಷ್ಟೇ. ಅವನ ಒಂದು ವಿಡಿಯೋವನ್ನೂ ನಾನು ತಪ್ಪಿಸಿಲ್ಲ.

ಉಸ್ತಾದ್ ನಮ್ಮನ್ನು ಕರೆಸಿದ್ದಕ್ಕೆ ಕಾರಣ ಗೋಡೆಯ ಮೇಲಿತ್ತು. ಅವರ ಅಣ್ಣ ಹರೆಯದಲ್ಲಿ ಹೆಗಲ ಮೇಲೆ ಮರಿ ಹೊತ್ತು ನಿಂತ ಫೋಟೋ. ಉಸ್ತಾದ್ ಇದೇ ಕ್ಯಾಮೆರಾದಲ್ಲಿ ತೆಗೆದದ್ದು. ಆ ಅಣ್ಣ ಈಗ ಧರ್ಮಪುರದ ಹತ್ತಿರ ಶೇಂಗಾ ಕಿತ್ತ ಹೊಲಗಳಲ್ಲಿ ಕುರಿ ಮಂದೆ ಬಿಟ್ಟಿದ್ದ. ಇದೇ ಕೊನೆ, ಮಂಡಿ ಕೇಳುವುದಿಲ್ಲ, ಇಲ್ಲಿಂದ ಎದ್ದರೆ ಮಂದೆಯನ್ನು ಮಾರಿಬಿಡುತ್ತೇನೆ ಅಂತ ಹೇಳಿ ಕಳಿಸಿದ್ದ. ಮಂದೆ ಇರುವಾಗಲೇ, ಅದರ ನಡುವೆಯೇ ಅಣ್ಣನ ಇನ್ನೊಂದು ಫೋಟೋ ತೆಗೆಯಬೇಕು ಅನ್ನುವುದು ಉಸ್ತಾದರ ಆಸೆ.

"ಫೋನಲ್ಲಿ ತೆಗೆದ್ರೆ ಆಗಲ್ವಾ ಮಾವ?" ಅಂದಳು ಕಾಫಿ ತಂದ ಸೊಸೆ.

"ಫೋನಲ್ಲಿ ತೆಗೆದಿದ್ನ ಈ ಮನೇಲಿ ಯಾರಮ್ಮ ಗೋಡೆಗೆ ಹಾಕೀರಿ?" ಅಂದರು ಉಸ್ತಾದ್. ಅವಳು ಲೋಟ ಇಟ್ಟು ಒಳಗೆ ಹೋದಳು.

ಕ್ಯಾಮೆರಾ ರೇಂಜ್‌ಫೈಂಡರ್ ಜಾತಿಯದು. ಇದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ, ಅದರ ನಡುವೆ ಹಳದಿ ಚುಕ್ಕೆ. ಚುಕ್ಕೆಯೊಳಗೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಹೋದರೆ ಎರಡು ಮೂಗು ಒಂದರ ಮೇಲೊಂದು ಕೂರುತ್ತವೆ. ಆಗ ಒತ್ತಬೇಕು. ಲೆನ್ಸಿನ ಹಿಂಬದಿಯ ಹಿತ್ತಾಳೆ ಅಂಚು ಬಾಡಿಯೊಳಗಿನ ಒಂದು ತೋಳನ್ನು ನೂಕುತ್ತದೆ, ತೋಳು ಕನ್ನಡಿಯನ್ನು ತಿರುಗಿಸುತ್ತದೆ. ಹಾಗಾಗಿ ಲೆನ್ಸೂ ಬಾಡಿಯೂ ಒಂದೇ ಮಾತಾಡಬೇಕು. ಒಂದು ಕೂದಲೆಳೆ ಆಚೀಚೆಯಾದರೂ ಕಿಟಕಿಯಲ್ಲಿ ಸರಿಯಾಗಿ ಕಂಡದ್ದು ಫಿಲ್ಮಿನಲ್ಲಿ ಮಸುಕು.

ಬಸ್ಸಿನಲ್ಲಿ ಹಿರಿಯೂರಿಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಲೆನ್ಸೆಂದರೆ ಕಣ್ಣು, ಬಾಡಿಯೆಂದರೆ ಡಬ್ಬಿ. ಕಣ್ಣು ಅವನಿಗೆ ಕೊಟ್ಟು ಡಬ್ಬಿ ನನಗೆ ಕೊಟ್ಟರು. ಇರಲಿ, ಈ ಡಬ್ಬಿಯನ್ನು ಹೇಗೆ ಮಾಡುತ್ತೇನೆಂದರೆ ಅವನು ವಿಡಿಯೋ ಮಾಡುವುದನ್ನೇ ಬಿಡಬೇಕು.

ಮೇಲಿನ ಮುಚ್ಚಳ ಬಿಚ್ಚಿದೆ. ಶಟರಿನ ಬಟ್ಟೆ ಪರದೆಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ಲೆನ್ಸಿಗೆ ಮುಚ್ಚಳ ಹಾಕದೆ ಬಿಸಿಲಿಗಿಟ್ಟರೆ ಅದು ಸೂರ್ಯನನ್ನು ಒಂದೆಡೆ ಕೂಡಿಸಿ ಪರದೆಯನ್ನು ಸುಡುತ್ತದೆ. ನಮ್ಮ ಬಯಲು ಸೀಮೆಯ ಬಿಸಿಲಿಗೆ ಅದಕ್ಕೆ ಹೆಚ್ಚು ಹೊತ್ತೇನೂ ಬೇಡ. ಕಪ್ಪು ರಬ್ಬರ್ ಬಣ್ಣವನ್ನು ತೆಳ್ಳಗೆ ಮಾಡಿ, ಬೆಕ್ಕಿನ ಮೀಸೆಯಂಥ ಕುಂಚದಲ್ಲಿ ಒಂದೊಂದೇ ತೂತು ಮುಚ್ಚಿದೆ. ಬಣ್ಣ ದಪ್ಪವಾದರೆ ಪರದೆ ಸುರುಳಿ ಸುತ್ತುವಾಗ ಅಂಟಿಕೊಳ್ಳುತ್ತದೆ, ಅದಕ್ಕೇ ಒಂದು ಪದರ ಒಣಗಿದ ಮೇಲೆ ಇನ್ನೊಂದು. ಕಿಟಕಿಯೊಳಗಿನ ಅರೆಕನ್ನಡಿ ವಯಸ್ಸಾಗಿ ಬರೀ ಗಾಜಾಗಿತ್ತು. ಎರಡನೇ ಬಿಂಬ ದೆವ್ವದಂತೆ ಇದೆಯೋ ಇಲ್ಲವೋ ಅನ್ನುವಂತಿತ್ತು. ಗುಜರಿಯಲ್ಲಿ ಸಿಕ್ಕ ಪ್ರೊಜೆಕ್ಟರಿನೊಳಗಿನ ಬಣ್ಣದ ಗಾಜನ್ನು ವಜ್ರದ ಮೊನೆಯಿಂದ ಗೀರಿ ಮುರಿದೆ. ಮೊದಲನೆಯದು ಅಡ್ಡಡ್ಡ ಒಡೆಯಿತು. ಎರಡನೆಯದು ಅಳತೆಗೆ ಬಂತು. ಕೂರಿಸಿ ನೋಡಿದರೆ ಒಂದು ಬಿಂಬ ನೀಲಿ, ಇನ್ನೊಂದು ಹಳದಿ. ಮುಪ್ಪಿನ ಕಣ್ಣಿಗೂ ಸಲೀಸಾಗಿ ಕಾಣುವ ಹಾಗಿತ್ತು. ಇಂಥದ್ದನ್ನು ಅವನು ಯಾವ ವಿಡಿಯೋದಲ್ಲೂ ತೋರಿಸಿಲ್ಲ, ನಾನು ನೋಡಿದ್ದೇನೆ.

ಆಮೇಲೆ ಲೆನ್ಸ್ ಕೂರುವ ಮುಂಭಾಗದ ಬಳೆ. ಸ್ಕ್ರೂ ತೆಗೆದು ಬಳೆ ಎತ್ತಿದಾಗ ಅದರಡಿ ಒಂದು ಕಾಗದದ ತುಂಡು ಸಿಕ್ಕಿತು. ಪೂರಾ ಸುತ್ತಿಗೂ ಇಲ್ಲ, ಒಂದು ಪಕ್ಕಕ್ಕೆ ಮಾತ್ರ, ಅರ್ಧ ಚಂದ್ರನ ಹಾಗೆ ಕತ್ತರಿಸಿದ್ದು. ಬಳೆಯಡಿ ಹಿತ್ತಾಳೆಯ ತೆಳು ಉಂಗುರ ಇಡುವುದು ಪದ್ಧತಿ, ಕಾಗದ ಯಾರಿಡುತ್ತಾರೆ? ಅದೂ ಅರ್ಧ! ಹಿಂದೊಮ್ಮೆ ಈ ಬಾಡಿಯನ್ನು ಹೊಳಲ್ಕೆರೆಯವನು ಸರ್ವಿಸ್ ಮಾಡಿದ್ದನೆಂದು ನನಗೆ ಗೊತ್ತಿತ್ತು. ನನಗೆ ಕೊಡದೆ ಅವನಿಗೆ ಕೊಟ್ಟರಲ್ಲ ಅಂತ ಆಗ ಊಟ ಸೇರಿರಲಿಲ್ಲ. ಈಗ ಚಿಮಟದಲ್ಲಿ ಆ ತುಂಡು ಹಿಡಿದು ಬೆಳಕಿಗೆ ಎತ್ತಿದಾಗ ಮನಸ್ಸಿಗೆ ಎಷ್ಟೋ ದಿನದ ಮೇಲೆ ತಂಪಾಯಿತು.

"ಬಾರೇ ಇಲ್ಲಿ, ನೋಡು ದೊಡ್ಡ ಮೆಕ್ಯಾನಿಕ್ಕಿನ ಕೆಲ್ಸ," ಅಂತ ಹೆಂಡತಿಯನ್ನು ಕರೆದೆ. ನಮ್ಮ ಮನೆ ಅಂಗಡಿಯ ಹಿಂದೆಯೇ.

ಅವಳು ನೋಡಿ, "ಕಾಗ್ದ ಐತಲ್ಲ," ಅಂದಳು.

"ಅದೇ ಮತ್ತೆ!"

"ಅದಕ್ಕ್ಯಾಕೆ ಮದ್ವೆ ಮನೆ ಮುಖ ಮಾಡ್ಕಂಡೀರಿ?"

ಕಾಗದವನ್ನು ಕಸದ ಡಬ್ಬಕ್ಕೆ ಹಾಕಿದೆ. ಹಿತ್ತಾಳೆ ಹಾಳೆಯಲ್ಲಿ ಪೂರ್ತಿ ಉಂಗುರ ಕತ್ತರಿಸಿ, ಅಂಚು ಉಜ್ಜಿ ಕೂರಿಸಿದೆ. ನನ್ನದೇ ಒಂದು ಲೆನ್ಸು ಹಾಕಿ, ಶಟರ್ ತೆರೆದಿಟ್ಟು, ಫಿಲ್ಮ್ ಬರುವ ಜಾಗದಲ್ಲಿ ಫೋಕಸ್ ಗಾಜು ಇಟ್ಟು ನೋಡಿದೆ. ಉಸ್ತಾದರ ಗಾಜು ಸಿಗದಿದ್ದಕ್ಕೆ ನನ್ನದು ನಾನೇ ಮಾಡಿಕೊಂಡದ್ದು. ಗಡಿಯಾರದ ಚಪ್ಪಟೆ ಗಾಜನ್ನು ಇಂಜಿನ್ ವಾಲ್ವ್ ತಿಕ್ಕುವ ಪೇಸ್ಟಿನಲ್ಲಿ ತಿಕ್ಕಿ ಮಂಕು ಮಾಡಿದ್ದೇನೆ. ಗುಂಡಗಿದೆ, ಚೌಕಟ್ಟಿನ ನಡುಭಾಗವನ್ನಷ್ಟೇ ಮುಚ್ಚುತ್ತದೆ, ಆದರೆ ನನ್ನದು. ದೂರದ ಫೋಕಸಿಗೆ ಗುಡ್ಡದ ಮೇಲಿನ ಗಾಳಿಯಂತ್ರ ಹಿಡಿಯುತ್ತೇನೆ. ಹೊತ್ತೇರಿದರೆ ಬಂಡೆಯ ಕಾವಿಗೆ ಗುಡ್ಡವೇ ಕುಣಿಯುತ್ತದೆ, ಅದಕ್ಕೇ ಬಿಸಿಲು ಎಳೆಯದಾಗಿರುವಾಗ ಮಾಳಿಗೆ ಹತ್ತಬೇಕು. ಗಾಜಿನಲ್ಲಿ ಗಾಳಿಯಂತ್ರದ ಕಂಬ ಸೂಜಿಯಂತೆ ನಿಂತಿತು. ಕಿಟಕಿಯ ಚುಕ್ಕೆಯಲ್ಲೂ ಎರಡು ಕಂಬ ಒಂದಾದವು. ಇನ್ನೇನು ಬೇಕು!

ದುರ್ಗಕ್ಕೆ ಹೋಗಿ ಬಾಡಿ ಕೊಟ್ಟೆ. ಅವನ ಲೆನ್ಸು ಆಗಲೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದು ತಲುಪಿತ್ತು. ಉಸ್ತಾದ್ ಜೋಡಿಸಿ, ಅಂಗಳದಲ್ಲಿ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕ್ಲಿಕ್ಕಿಸಿದರು, ಬಚ್ಚಲುಮನೆಯಲ್ಲಿ ತಾವೇ ಫಿಲ್ಮ್ ತೊಳೆದರು. ಒಣಗಿದ ನೆಗೆಟಿವನ್ನು ಕಿಟಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿದರು.

"ಒಂದ್ಕಡೆ ಎದ್ದು ಕುಂತೈತೆ, ಇನ್ನೊಂದ್ಕಡೆ ತೂಕಡಿಸ್ತೈತೆ," ಅಂದರು.

ನೋಡಿದೆ. ನಡುವೆ ನಿಂತವರು ಚೊಕ್ಕ. ಎಡಕ್ಕೆ ನಿಂತ ಸೊಸೆಯ ಸೀರೆಯ ಚುಕ್ಕಿಯನ್ನೂ ಎಣಿಸಬಹುದಿತ್ತು. ಬಲಕ್ಕೆ ನಿಂತ ಮಗನ ಮುಖ ಹಿಟ್ಟು ಮೆತ್ತಿದ ಹಾಗಿತ್ತು.

"ಲೆನ್ಸು," ಅಂದೆ. "ಒಳಗಿನ ಗಾಜು ಓರೆ ಕೂರ್ಸಿದಾನೆ."

ಉಸ್ತಾದ್ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಚಾಪೆಯ ಮೇಲಿಟ್ಟರು. ವರ್ಷಗಳ ಮೇಲೆ ನಾನೂ ಹೊಳಲ್ಕೆರೆಯವನೂ ಮಾತಾಡಿದ್ದು ಹೀಗೆ:

"ಲೆನ್ಸು ಓರೆ ಐತೆ ಕಣಪ್ಪ ನಿಂದು."

"ನಂದು ಸರಿ ಐತೆ. ಬಾಡಿ ನೋಡ್ಕ."

"ಬಾಡಿ ನಾನು ಗಾಳಿಯಂತ್ರಕ್ಕೆ ಹಿಡ್ದು ನೋಡೀನಿ."

"ಗಾಳಿಯಂತ್ರ ನಡುವೆ ಇರ್ತೈತೆ. ಮೂಲೆ ನೋಡಿದ್ಯಾ?"

"ಮೂಲೆ ನೋಡೋ ಗಾಜು ಯಾರ ಹತ್ರ ಐತಪ್ಪ?" ಅಂದುಬಿಟ್ಟೆ. ಉಸ್ತಾದ್ ನನ್ನ ಮುಖ ನೋಡಿದರು, ಫೋನ್ ಆರಿಸಿದರು.

"ಯಾರ್ದು ತಪ್ಪು ಅಂತ ನಂಗೆ ಬೇಕಿಲ್ಲ," ಅಂದರು. "ಅಣ್ಣ ಈ ವಾರ ಕಳೆದ್ರೆ ಹೊಲ ಬಿಡ್ತಾನೆ. ಆಮೇಲೆ ನಾನು ಖಾಲಿ ಹೊಲದ ಫೋಟೋ ತೆಗೀಲಾ?"

ಬಾಡಿಯನ್ನು ಮನೆಗೆ ತಂದು ಮತ್ತೆ ಎಲ್ಲ ಬಿಚ್ಚಿದೆ. ತೋಳು ಸರಿ, ಕನ್ನಡಿ ಸರಿ, ಉಂಗುರ ಸರಿ. ನಿಜ ಹೇಳಬೇಕೆಂದರೆ ಲೆನ್ಸೇ ಕೆಟ್ಟಿರಲಿ ಅಂತ ನನಗೆ ಆಸೆಯಿತ್ತು. ಆದರೆ ಬಾಡಿಯನ್ನು ಸುಮ್ಮನೆ ಇಟ್ಟುಕೊಂಡು ಕೂತರೆ ಅವನ ತಪ್ಪು ಸಾಬೀತಾಗುತ್ತದೆಯೇ ಹೊರತು ಅಣ್ಣನ ಫೋಟೋ ಆಗುವುದಿಲ್ಲ. ಅವನು ಇಲ್ಲಿಗೆ ಬರುವ ಪೈಕಿ ಅಲ್ಲ. ಬಾಡಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ದುರ್ಗದಲ್ಲಿ ಇಳಿದು, ಉಸ್ತಾದರ ಬಳಿ ಲೆನ್ಸು ಈಸಿಕೊಂಡು, ಹೊಳಲ್ಕೆರೆಯ ಬಸ್ಸಿನಲ್ಲಿ ಕೂತೆ. ಹೋದದ್ದು ರಾಜಿಗೆಂದಲ್ಲ. ಅವನ ಮೇಜಿನ ಮೇಲೆ, ಅವನ ಗಾಜಿನಲ್ಲೇ ಅವನ ತಪ್ಪು ತೋರಿಸಬೇಕು ಅಂತ.

ಅಂಗಡಿ ನಾನು ಅಂದುಕೊಂಡದ್ದಕ್ಕಿಂತ ಚೊಕ್ಕವಾಗಿತ್ತು. ಬಿಳಿ ಮೇಜು, ಅದರ ಮೇಲೆ ಬಾಗುವ ದೀಪ. ಸ್ಕ್ರೂಗಳಿಗೆ ಔಷಧಿ ಡಬ್ಬಿಗಳು, ಪ್ರತಿಯೊಂದಕ್ಕೂ ಚೀಟಿ. ಗೋಡೆಯಲ್ಲಿ ಉಸ್ತಾದರ ಜೊತೆ ಅವನ ಫೋಟೋ. ನನ್ನ ಬಳಿ ಅಂಥದ್ದಿಲ್ಲ.

"ಬರ್ರಿ, ಕುಂತ್ಕಳ್ರಿ," ಅಂದ. ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವನು ನನಗೆ 'ಬರ್ರಿ' ಅಂದದ್ದು ಬೈದದ್ದಕ್ಕಿಂತ ಹೆಚ್ಚು ನಾಟಿತು.

"ಕೂರಕ್ಕೆ ಬಂದಿಲ್ಲ. ಗಾಜು ತೆಗಿ."

ಡ್ರಾದಿಂದ ತೆಗೆದ. ಉಸ್ತಾದರ ಗಾಜು, ಅದೇ ಹಿತ್ತಾಳೆ ಚೌಕಟ್ಟು, ಮೂಲೆಯಿಂದ ಮೂಲೆಗೆ. ಮೊದಲು ಲೆನ್ಸನ್ನು ತನ್ನ ಬೇರೆ ಬಾಡಿಗೆ ಹಾಕಿದ. ಬಾಗಿಲ ಆಚೆ ಕಾಣುವ ಬೋರ್ಡಿಗೆ ಹಿಡಿದು, ಭೂತಗನ್ನಡಿ ನನ್ನ ಕೈಗೆ ಕೊಟ್ಟ. ನೋಡಿದೆ. ಬೋರ್ಡಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೂ ಕೊರೆದ ಹಾಗಿತ್ತು. ಲೆನ್ಸಿನೊಳಗೆ ಒಂದು ಧೂಳಿನ ಕಣ ಇಲ್ಲ. ಫೋಕಸ್ ಉಂಗುರ ತುಪ್ಪದಲ್ಲಿ ಬೆರಳಾಡಿಸಿದ ಹಾಗೆ ತಿರುಗುತ್ತಿತ್ತು. ಬೇರೆಯವರ ಒಳ್ಳೆಯ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡುವುದು ಹೊಟ್ಟೆಗೆ ಒಳ್ಳೆಯದಲ್ಲ.

ಅದೇ ಲೆನ್ಸನ್ನು ನನ್ನ ಬಾಡಿಗೆ ಹಾಕಿದ. ಒಂದು ಪಕ್ಕ ಮಸುಕು.

ಅವನು ಬಳೆಯ ಸ್ಕ್ರೂ ಬಿಚ್ಚಿ, ನನ್ನ ಹಿತ್ತಾಳೆ ಉಂಗುರವನ್ನು ಎತ್ತಿ ನೋಡಿದ. "ಕತ್ತರ್ಸಿರೋದು ಚೆನ್ನಾಗೈತೆ," ಅಂದ. ಆಮೇಲೆ, "ಚಂದ್ರ ಎಲ್ಲಿ?"

"ಯಾವ ಚಂದ್ರ?"

"ಅರ್ಧ ಚಂದ್ರ. ಕಾಗದದ್ದು. ಇದರಡಿ ಇತ್ತಲ್ಲ?"

"ಅದು ನಿಂದಲ್ವಾ?"

"ನಂದಾ?" ಅವನ ಕೈ ನಿಂತಿತು. "ಲೇ, ಅದು ಉಸ್ತಾದ್ ಕೂರ್ಸಿದ್ದು. ಹೊಸದುರ್ಗದ ರಸ್ತೇಲಿ ಸ್ಕೂಟ್ರಿಂದ ಬಿದ್ದಿತ್ತು ಇದು. ಬಳೆ ಕೂರೋ ಜಾಗನೇ ಒಂದ್ಕಡೆ ತಗ್ಗಾತು. ಹೊಸ ಬಾಡಿ ಎಲ್ಲಿ ಸಿಗಬೇಕು? ಬಸ್ ಟಿಕೆಟ್ ಕತ್ತರ್ಸಿ ತಗ್ಗಿದ ಕಡೆ ಇಟ್ರು. ನಾನು ಸರ್ವಿಸ್ ಮಾಡ್ದಾಗ ಎತ್ತಿ, ಒರೆಸಿ, ಅಲ್ಲೇ ಇಟ್ಟೆ. ನಿಂಗೆ ಹೇಳಿಲ್ವಾ?"

ಹೇಳಿರಲಿಲ್ಲ. ಅದಾಗುವ ಹೊತ್ತಿಗೆ ನಾನು ಹಿರಿಯೂರಿನಲ್ಲಿ ಅಂಗಡಿ ಹಾಕಿದ್ದೆ. ಕಸಕ್ಕೆ ಹಾಕಿದ್ದು ಗುರುವಿನ ಕೈಕೆಲಸ. ಆದರೆ ಆ ಹೊತ್ತಿಗೆ ನನ್ನನ್ನು ಚುಚ್ಚಿದ್ದು ಅದಲ್ಲ. ಉಸ್ತಾದ್ ಆ ಕಾಗದ ಕತ್ತರಿಸುವಾಗ ಪಕ್ಕದಲ್ಲಿ ಕೂತು ನೋಡಿದವನು ಇವನು, ನಾನಲ್ಲ. ಆ ಕೈಯನ್ನು ಇವನು ಗುರುತು ಹಿಡಿದ, ನಾನು ಹಿಡಿಯಲಿಲ್ಲ.

"ಬಿಸಾಕಿದೆ," ಅಂದೆ.

ನಗುತ್ತಾನೆ ಅಂದುಕೊಂಡೆ. ಅವನು ನನ್ನ ಉಂಗುರವನ್ನು ಡಬ್ಬಿಗೆ ಹಾಕಿ, "ಹೋಗ್ಲಿ, ಕಾಗ್ದ ಹುಡುಕಾಣ," ಅಂದ. "ಉಸ್ತಾದ್ ಇಡೋದು ನೋಡಿರ್ಲಿಲ್ಲ ಅಂದ್ರೆ ನಾನೂ ಅದು ನಿಂದೇ ಅನ್ಕತಿದ್ದೆ."

ಹುಡುಕಿದೆವು. ಈಗಿನ ಬಸ್ ಟಿಕೆಟ್ಟು ಸಿಗರೇಟಿನ ಹೊಗೆಯಷ್ಟು ತೆಳು. ಲಗ್ನಪತ್ರಿಕೆ ತೀರಾ ದಪ್ಪ. ಕ್ಯಾಲೆಂಡರ್ ಹಾಳೆ ನುಣುಪಾಗಿ ಜಾರಿತು. ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಇಟ್ಟು, ಬಳೆ ಬಿಗಿದು, ಗಾಜಿನಲ್ಲಿ ನೋಡಿ, ಮತ್ತೆ ಬಿಚ್ಚುವುದು. ಅವನು ಬಿಚ್ಚಿದರೆ ನಾನು ಬಿಗಿಯುವುದು. ಕೊನೆಗೆ ಹೊಳೆದದ್ದು ನನಗೆ. ದೊಡ್ಡ ಫಿಲ್ಮಿನ ಸುರುಳಿಯ ಬೆನ್ನಿಗೆ ಕಪ್ಪು ಕಾಗದ ಬರುತ್ತದಲ್ಲ, ಬಿಗಿದರೂ ಕುಗ್ಗದು, ಬೆಳಕನ್ನೂ ಬಿಡದು. ಅವನು ಡ್ರಾದಿಂದ ಒಂದು ಹಳೇ ಸುರುಳಿ ತೆಗೆದುಕೊಟ್ಟ. ಉಗುರು ಕತ್ತರಿಯಲ್ಲಿ ಅರ್ಧ ಚಂದ್ರ ಕತ್ತರಿಸಿದೆ. ಮೊದಲನೆಯದು ಹೆಚ್ಚು ಉದ್ದವಾಯಿತು. ಎರಡನೆಯದರ ಕೋಡುಗಳನ್ನು ಬ್ಲೇಡಿನಲ್ಲಿ ಸವರಿ ಸವರಿ ತೆಳು ಮಾಡಿದೆ. ಅವನು ಗಾಜಿಗೆ ಕಣ್ಣು ಹಚ್ಚಿದ್ದ.

"ಬಲಗಡೆ ಬಂತು... ಇನ್ನೊಂಚೂರು... ನಿಲ್ಸು, ನಿಲ್ಸಲೇ!"

ಬೋರ್ಡಿನ ಕೊನೆಯ ಅಕ್ಷರ ಮೂಲೆಯಲ್ಲಿ ಎದ್ದು ಕೂತಿತು. 'ಲೇ' ಅಂದದ್ದನ್ನು ಅವನೂ ಗಮನಿಸಿದನೇನೋ, ಚಹಾ ತರಿಸಿದ.

ಧರ್ಮಪುರಕ್ಕೆ ಮೂವರೂ ಬೆಳಿಗ್ಗೆಯೇ ಹೋದೆವು. ಶೇಂಗಾ ಕಿತ್ತ ಕೆಂಪು ಹೊಲದಲ್ಲಿ ಕುರಿಗಳು ಇನ್ನೂ ರಾತ್ರಿ ಸುತ್ತ ಕಟ್ಟಿದ ಬಲೆಯೊಳಗಿದ್ದವು. ಉಸ್ತಾದರ ಅಣ್ಣ ಕಂಬಳಿ ಕೊಡವುತ್ತ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಏನಪ್ಪ, ಒಂದು ಡಬ್ಬಿ ಹೊರಾಕೆ ಮೂರು ಜನ ಬಂದೀರಲ್ಲ?"

"ಡಬ್ಬಿ ಇವಂದು, ಕಣ್ಣು ಅವಂದು, ಒತ್ತಾದು ನಂದು," ಅಂದರು ಉಸ್ತಾದ್.

"ನಿಲ್ಲಾದು ನಂದಾ? ಬೇಗ ಒತ್ತು ಮತ್ತೆ. ಇವು ಹಸ್ದಾವೆ, ನಿನ್ನ ಫೋಟೋ ಮೇಯಲ್ಲ."

ಮಂದೆಯನ್ನು ಬಿಟ್ಟಾಗ ಧೂಳೆದ್ದಿತು. ಉಸ್ತಾದರ ಬಲಗಣ್ಣು ಮಂಜಾಗಿದೆ. ಎಡಗಣ್ಣನ್ನು ಕಿಟಕಿಗಿಟ್ಟು, ಅಣ್ಣನನ್ನು ಒಂದು ಪಕ್ಕಕ್ಕೆ ಬಿಟ್ಟು, ಉಳಿದ ಚೌಕಟ್ಟಿನ ತುಂಬ ಕುರಿ ತುಂಬಿಸಿಕೊಂಡರು. ಲೆನ್ಸ್ ತಿರುಗಿಸುತ್ತಿದ್ದ ಬೆರಳು ನಿಂತಿತು. "ನೀಲಿ ಹಳದಿ ಒಂದಾದ್ವು," ಅಂತ ಗೊಣಗಿದರು. ಒತ್ತಿದರು. ಇನ್ನೊಂದು ತೆಗೆಯಿರಿ ಅಂತ ನಾನಂದೆ. ಬೇಡ ಅಂದರು. ಅಣ್ಣ ಆಗಲೇ ಮಂದೆಯ ಹಿಂದೆ ನಡೆದಿದ್ದ.

ಪ್ರಿಂಟ್ ಆದ ಮೇಲೆ ಮತ್ತೆ ಪಡಸಾಲೆಯಲ್ಲಿ ಸೇರಿದೆವು. ಎಡ ಅಂಚಿನಲ್ಲಿ ಅಣ್ಣ, ಗಡ್ಡದ ಒಂದೊಂದು ಕೂದಲೂ ಬೇರೆ. ಬಲ ಅಂಚಿನ ಕೊನೆಯ ಕುರಿಯ ಕಿವಿಯ ಗುರುತೂ ಸ್ಪಷ್ಟ. ಹಳೆಯ ಫೋಟೋದ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ಆಮೇಲೆ ಬಾಡಿಯ ಬಾಯಿಯನ್ನು ಬೆಳಕಿಗೆ ಹಿಡಿದು, ಬಳೆಯ ಸಂದಿನಲ್ಲಿ ಕಪ್ಪು ಕಾಗದದ ಗೆರೆ ಕಂಡು, "ಇದು ನನ್ನ ಟಿಕೆಟ್ ಅಲ್ಲ. ಯಾರ ಕೆಲ್ಸ?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹೊಳಲ್ಕೆರೆಯವನು, "ಅವಂದೇ ಕೈ," ಅಂದ. ಬಿಸಾಕಿದ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವನನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ಅದನ್ನೂ ಅವನು ನನಗೆ ಬಿಡಲಿಲ್ಲ.

"ನನ್ನದಕ್ಕಿಂತ ವಾಸಿ ಐತೆ," ಅಂದರು ಉಸ್ತಾದ್.

ಆಮೇಲೆ ಲೆನ್ಸು ಬಿಚ್ಚಿದರು. ಇಬ್ಬರೂ ಅವರ ಕೈಯನ್ನೇ ನೋಡುತ್ತಿದ್ದೆವು. "ಇನ್ನು ಇದರ ಕೆಲ್ಸ ನಂಗಿಲ್ಲ. ಲೆನ್ಸು ನಿನ್ನ ಹತ್ರ ಇರ್ಲಿ, ಬಾಡಿ ಇವನ ಹತ್ರ ಇರ್ಲಿ. ಫೋಟೋ ಬೇಕಂದ್ರೆ ಇಬ್ರೂ ಬಸ್ ಹತ್ರಿ," ಅಂದರು. ಬಿಳಿ ಕರವಸ್ತ್ರ ಹೊರಗೆ ಬಂತು. ನಾನು ಅದನ್ನೇ ನೋಡುತ್ತಿದ್ದೆ. ಅದರಲ್ಲಿ ಮುಖ ಒರೆಸಿಕೊಂಡು ಜೇಬಿಗಿಟ್ಟುಕೊಂಡರು. ಈ ಸಲ ಅವನಿಗೂ ಸಿಗಲಿಲ್ಲ.

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವನು ನನ್ನ ಚೀಲವನ್ನೇ ನೋಡುತ್ತ ನಿಂತಿದ್ದ.

"ಬಾಡಿ ಕೇಳಿದ್ದೆ ನಾನು," ಅಂದ. "ಮೊದ್ಲ ಸಲ ಹಂಚೋಕ್ ಮುಂಚೆನೂ ಕೇಳಿದ್ದೆ. 'ಬಾಡಿಗೆ ಅವನ ಕೈಯೇ ಆಗ್ಬೇಕು' ಅಂದ್ರು. ಲೆನ್ಸಲ್ಲೇನೈತೆ, ಒರೆಸಿ ಗ್ರೀಸ್ ಹಾಕಿದ್ರೆ ಆತು. ಈಗ್ಲೂ ನಿಂಗೇ ಕೊಟ್ರಲ್ಲ ಮತ್ತೆ."

ಆ ದನಿ ನನಗೆ ಚೆನ್ನಾಗಿ ಪರಿಚಯವಿತ್ತು. ಅದು ದಿನವೂ ನನ್ನೊಳಗೇ ಮಾತಾಡುವ ದನಿ.

ನನಗೆ ಲೆನ್ಸು ಬೇಕಾಗಿತ್ತು ಅಂತ ನಾನು ಹೇಳಲಿಲ್ಲ. ಹಿರಿಯೂರಿನ ಬಸ್ ಬಂತು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಊರು ಮುಟ್ಟುವವರೆಗೂ ನನಗೆ ಬಹಳ ಸುಖವಾಗಿತ್ತು.